ಊರಿಗೊಬ್ಬ ಪ್ರೋಗ್ರಾಮರ್: ಟೆಕ್ ಸುದ್ದಿ ಬಂದಾಗ ಏನು ಮಾಡಬೇಕು, ಏನು ಮಾಡಬಾರದು

ಇದು ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಕೂತವರಿಗೆ ಬರೆದದ್ದಲ್ಲ. ಅಲ್ಲಿ ಸರ್ವರ್ ಬಿದ್ದರೆ ಪಕ್ಕದ ಕುರ್ಚಿಯವರ ಜೊತೆ ಸೇರಿ ಬೈದುಕೊಂಡು ಟೀ ಕುಡಿಯಲು ಹೋಗಬಹುದು. ಇದು ನನ್ನ ಹಾಗೆ ಮೂಡಿಗೆರೆ ಕಡೆಯ ತೋಟದ ಮನೆಯಲ್ಲೋ, ಸಕಲೇಶಪುರದಲ್ಲೋ, ಹಾಸನದ ಅಪ್ಪನ ಮನೆಯ ಮಹಡಿಯಲ್ಲೋ ಕೂತು ಕೋಡ್ ಬರೆಯುವವರಿಗೆ. ಊರಿನವರ ಲೆಕ್ಕದಲ್ಲಿ ನೀವು 'ಕಂಪ್ಯೂಟರ್‌ನವರು'. ಪ್ರಿಂಟರ್ ಕೆಟ್ಟರೆ ನಿಮ್ಮನ್ನು ಕರೆಯುತ್ತಾರೆ. ಪಹಣಿ ಡೌನ್‌ಲೋಡ್ ಆಗದಿದ್ದರೂ ನಿಮ್ಮನ್ನೇ. ಅಮೆರಿಕದಲ್ಲಿ ಡೇಟಾ ಸೆಂಟರ್ ಮಲಗಿದರೂ ನಿಮ್ಮನ್ನೇ. ಟಿವಿಯಲ್ಲಿ ಕೆಂಪು ಪಟ್ಟಿ ಓಡಿತು ಅಂದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ನಮ್ಮ ಮಾವನವರ ಪ್ರಶ್ನೆ ಹೀಗಿರುತ್ತದೆ: "ಏನಮ್ಮಾ, ಪ್ರಪಂಚದ ಇಂಟರ್ನೆಟ್ಟೆಲ್ಲ ನಿಂತೋಯ್ತಂತೆ, ನೀನಿನ್ನೂ ಟೈಪ್ ಮಾಡ್ತಾ ಕೂತಿದ್ದೀಯಲ್ಲ?"

ಇಂಥ ಹೊತ್ತಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಎಂದರೇನು ಅಂತ ವಿವರಿಸಲು ಹೋಗಬೇಡಿ. ಕೇಳುವವರಿಗೆ ಬೇಕಾಗಿರುವುದು ಮೂರು ಉತ್ತರ. ನಮ್ಮ ದುಡ್ಡಿಗೆ ಏನಾದರೂ ಆಗುತ್ತಾ? ನಮ್ಮ ಫೋನಿಗೆ ಏನಾದರೂ ಆಗುತ್ತಾ? ಇವತ್ತೇ ನಾವು ಏನಾದರೂ ಮಾಡಬೇಕಾ? ಹೆಚ್ಚಿನ ಸುದ್ದಿಗಳಿಗೆ ಮೂರಕ್ಕೂ ಉತ್ತರ 'ಇಲ್ಲ'. ಅದನ್ನು ಧೈರ್ಯವಾಗಿ ಹೇಳಬೇಕಾದರೆ ಮೊದಲು ನಿಮಗೇ ಖಾತ್ರಿ ಇರಬೇಕು. ಆ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅನ್ನುವುದೇ ಮುಂದಿನ ವಿಷಯ.

ಮೊದಲು ಮನೆಯ ಗೋಡೆ ನೋಡಿ

ಸೈಟ್ ತೆರೆಯುತ್ತಿಲ್ಲ ಅಂದ ಕೂಡಲೇ ಜಗತ್ತಿನ ಸುದ್ದಿ ಹುಡುಕಬೇಡಿ. ಮಲೆನಾಡಿನಲ್ಲಿ ನೆಟ್ ಹೋಗುವುದಕ್ಕೆ ಜಗತ್ತಿನ ಸಹಾಯ ಬೇಕಾಗಿಲ್ಲ. ಒಂದು ಸಿಲ್ವರ್ ಓಕ್ ಕೊಂಬೆ ಸಾಕು.

ಗೋಡೆಯ ಮೇಲಿನ ಫೈಬರ್ ಬಾಕ್ಸ್ ನೋಡಿ. ಅದರಲ್ಲಿ ಪಿಓಎನ್ ಮತ್ತು ಎಲ್‌ಓಎಸ್ ಅಂತ ಬರೆದ ಎರಡು ದೀಪ ಇರುತ್ತವೆ. ಪಿಓಎನ್ ಹಸಿರಾಗಿ ನಿಂತಿದ್ದರೆ ನಿಮ್ಮ ಬಾಕ್ಸ್ ಆಚೆ ತುದಿಯ ಜೊತೆ ಮಾತಾಡುತ್ತಿದೆ. ಅದು ಮಿಣುಕುತ್ತಿದ್ದರೆ ಇನ್ನೂ ಸಂಪರ್ಕಕ್ಕೆ ಪ್ರಯತ್ನಿಸುತ್ತಿದೆ. ಎಲ್‌ಓಎಸ್ ಕೆಂಪಾಗಿದ್ದರೆ ಗಾಜಿನ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ. ಅಂದರೆ ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿದೆ, ಇಲ್ಲವೇ ಮಡಚಿಕೊಂಡಿದೆ. ಎಲ್‌ಓಎಸ್ ಕೆಂಪಿರುವಾಗ ಬಾಕ್ಸ್ ಆಫ್ ಮಾಡಿ ಆನ್ ಮಾಡುವುದು ಸುಮ್ನೆ ಕೈಗೆ ಕೆಲಸ. ಕಸ್ಟಮರ್ ಕೇರ್‌ನವರು "ಒಮ್ಮೆ ರೀಸ್ಟಾರ್ಟ್ ಮಾಡಿ ಮೇಡಂ" ಅನ್ನುತ್ತಾರೆ. "ಎಲ್‌ಓಎಸ್ ಕೆಂಪಿದೆ, ಫೈಬರ್ ಕಟ್ ಆಗಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಅರ್ಧ ಗಂಟೆ ಉಳಿಯುತ್ತದೆ. ನಂತರ ಕೇಬಲ್ ಹುಡುಗನಿಗೆ ನೇರವಾಗಿ ಫೋನ್ ಮಾಡಿ. ಅವನೇ ಬಂದು ಸರಿ ಮಾಡುವುದು. ಅವನ ನಂಬರ್ ಯಾವ ಆ್ಯಪ್‌ನಲ್ಲೂ ಇರುವುದಿಲ್ಲ, ಪಕ್ಕದ ತೋಟದವರ ಹತ್ತಿರ ಇರುತ್ತದೆ.

ದೀಪ ಸರಿಯಾಗಿದ್ದರೆ ಮೊಬೈಲ್ ಡೇಟಾ ಹಾಕಿ ಅದೇ ಸೈಟ್ ತೆಗೆದು ನೋಡಿ. ಅಲ್ಲೂ ಬರದಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಇನ್ನೆರಡು ಸೈಟ್ ತೆಗೆಯಿರಿ. ಅವು ತೆರೆದುಕೊಂಡರೆ ತೊಂದರೆ ಆ ಒಂದು ಸೈಟಿನದು. ಎಲ್ಲವೂ ಒಟ್ಟಿಗೆ ಬಿದ್ದಿದ್ದರೆ ಆಗ ಮಾತ್ರ ಸುದ್ದಿ ಹುಡುಕಿ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಬಾಕ್ಸಿನ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯೊಳಗೆ ಕರೆಂಟ್ ಹರಿಯುವುದಿಲ್ಲ, ಬಾಕ್ಸ್ ಸುಡುವುದು ಸಾಮಾನ್ಯವಾಗಿ ಪ್ಲಗ್ ಕಡೆಯಿಂದ. ಕರೆಂಟ್ ಹೋದಾಗ ನೆಟ್ ನಿಲ್ಲಬಾರದು ಅಂದರೆ ಬಾಕ್ಸಿಗೆ ಒಂದು ಪುಟ್ಟ ಯುಪಿಎಸ್ ಸಿಗುತ್ತದೆ. ತರುವ ಮೊದಲು ಬಾಕ್ಸಿನ ಅಡಾಪ್ಟರ್ ಮೇಲಿನ ಚೀಟಿ ಓದಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು.

ಮೊದಲ ಒಂದು ಗಂಟೆ 'ಹ್ಯಾಕ್' ಅನ್ನಬೇಡಿ

ದೊಡ್ಡ ಸೈಟುಗಳು ಒಟ್ಟಿಗೆ ಬಿದ್ದಾಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೊದಲು ಬರುವ ಪದ 'ಹ್ಯಾಕ್'. ಎರಡನೆಯದು 'ಚೀನಾ'. ಎರಡನ್ನೂ ಪಕ್ಕಕ್ಕಿಟ್ಟು ಕಾಯಿರಿ.

2025ರ ನವೆಂಬರ್ 18ರ ಸಂಜೆ, ನಮ್ಮ ಸಮಯ ಐದಕ್ಕೆ ಇನ್ನೂ ಸ್ವಲ್ಪ ಇರುವಾಗ, ಕ್ಲೌಡ್‌ಫ್ಲೇರ್ ಅನ್ನುವ ಕಂಪನಿಯ ಸೇವೆ ಬಿತ್ತು. ಜಗತ್ತಿನ ಎಷ್ಟೋ ಸೈಟುಗಳಿಗೆ ಅದು ತೋಟದ ಗೇಟ್ ಇದ್ದಂತೆ. ಒಳಗೆ ಹೋಗುವವರೆಲ್ಲ ಅಲ್ಲಿಂದಲೇ ಹೋಗಬೇಕು. ಯಾವ ಸೈಟ್ ಬಿದ್ದಿದೆ ಅಂತ ತಿಳಿಸುವ ಡೌನ್‌ಡಿಟೆಕ್ಟರ್ ಕೂಡ ಅದೇ ಗೇಟಿನ ಒಳಗಿತ್ತು, ಹಾಗಾಗಿ ಅದಕ್ಕೂ ಏಟು ಬಿತ್ತು. ತಮ್ಮ ಮೇಲೆ ದೊಡ್ಡ ದಾಳಿ ನಡೆಯುತ್ತಿದೆ ಅಂತ ಕ್ಲೌಡ್‌ಫ್ಲೇರ್‌ನವರೇ ಮೊದಲು ಅನುಮಾನಪಟ್ಟಿದ್ದರು. ಕೊನೆಗೆ ಸಿಕ್ಕಿದ್ದೇನು? ಒಂದು ಡೇಟಾಬೇಸಿನ ಪರ್ಮಿಷನ್ ಬದಲಿಸಿದ್ದರು. ಅದರಿಂದ ಬಾಟ್‌ಗಳನ್ನು (ಮನುಷ್ಯರ ಬದಲು ಸೈಟಿಗೆ ಬರುವ ಪ್ರೋಗ್ರಾಂಗಳನ್ನು) ಗುರುತಿಸುವ ಒಂದು ಫೈಲಿನಲ್ಲಿ ಸಾಲುಗಳು ಎರಡೆರಡು ಸಲ ಬಂದು ಫೈಲ್ ದಪ್ಪವಾಯಿತು. ಇಷ್ಟಕ್ಕಿಂತ ದಪ್ಪ ಆಗಲ್ಲ ಅಂತ ನಂಬಿದ್ದ ಪ್ರೋಗ್ರಾಂ ಅದನ್ನು ಓದಿ ಬಿದ್ದುಹೋಯಿತು. ಶತ್ರು ಯಾರೂ ಇಲ್ಲ.

ಅದಕ್ಕೂ ಒಂದು ತಿಂಗಳ ಹಿಂದೆ, ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ಜನ ಊಟಕ್ಕೆ ಕೂರುವ ಹೊತ್ತಿಗೆ ಅಮೆಜಾನಿನ ವರ್ಜೀನಿಯಾ ಡೇಟಾ ಸೆಂಟರುಗಳಲ್ಲಿ ಇಂಥದ್ದೇ ಆಯಿತು. ವಿಳಾಸಗಳನ್ನು ನೋಡಿಕೊಳ್ಳುವ ಎರಡು ಸ್ವಯಂಚಾಲಿತ ಪ್ರೋಗ್ರಾಂಗಳು ಒಂದರ ಕಾಲು ಒಂದು ತುಳಿದು, ಒಂದು ಮುಖ್ಯ ಡೇಟಾಬೇಸ್ ಸೇವೆಯ ವಿಳಾಸವನ್ನೇ ಖಾಲಿ ಮಾಡಿಬಿಟ್ಟವು. ಆ ದಿನ ಅಮೆರಿಕದಲ್ಲಿ ನೆಟ್‌ಗೆ ಜೋಡಿಸಿದ ದುಬಾರಿ ಹಾಸಿಗೆಗಳು ಕೂಡ ಹೇಳಿದ ಮಾತು ಕೇಳದೆ ಕೆಲವರ ನಿದ್ದೆ ಕೆಟ್ಟಿತು. ನಮ್ಮ ಕಂಬಳಿಗೆ ಇನ್ನೂ ಸರ್ವರ್ ಬೇಕಾಗಿಲ್ಲ, ಪುಣ್ಯ.

ಇನ್ನು 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರಿನ ಒಂದು ಅಪ್‌ಡೇಟ್ ಹೋಗಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾರಣ ಕೇಳಿದರೆ ಯಾವ ಪ್ರೋಗ್ರಾಮರಿಗೂ ಹೊಟ್ಟೆ ಚುರ್ ಅನ್ನಬೇಕು. ಹೊಸ ಫೈಲ್ 21 ಮಾಹಿತಿಗಳನ್ನು ಕೇಳುತ್ತಿತ್ತು, ಕಂಪ್ಯೂಟರಿನಲ್ಲಿದ್ದ ಕೋಡ್ 20ನ್ನು ಮಾತ್ರ ಕೊಡುತ್ತಿತ್ತು. ಇಪ್ಪತ್ತೊಂದನೆಯದನ್ನು ಓದಲು ಹೋಗಿ ಇಲ್ಲದ ಜಾಗಕ್ಕೆ ಕೈ ಹಾಕಿತು. ಅಷ್ಟೇ. ಅವತ್ತು ಶುಕ್ರವಾರ ಅನ್ನುವುದನ್ನು ನಮ್ಮ ಕಸುಬಿನವರು ಯಾರೂ ಮರೆಯುವುದಿಲ್ಲ. ಶುಕ್ರವಾರ ಡಿಪ್ಲಾಯ್ ಮಾಡಬೇಡಿ, ಅಂದರೆ ಹೊಸ ಕೋಡ್ ಬಳಕೆಗೆ ಬಿಡಬೇಡಿ, ಅನ್ನುವುದು ನಮ್ಮಲ್ಲಿ ರಾಹುಕಾಲಕ್ಕಿಂತ ಗಟ್ಟಿ ನಂಬಿಕೆ.

ಈ ಕೊನೆಯ ಸುದ್ದಿಯಿಂದ ಮನೆಯವರಿಗೂ ಒಂದು ಕೆಲಸ ಇದೆ. ಆ ದಿನ ರಿಪೇರಿ ನಿಧಾನ ಆಗಿದ್ದಕ್ಕೆ ಒಂದು ಕಾರಣ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಡಿಸ್ಕ್ ಬೀಗ ಹಾಕಿಕೊಂಡಿದ್ದರೆ ಸರಿ ಮಾಡುವ ಮೊದಲು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದ ಹಾಗೇ ಈ ಬೀಗ ಬಿದ್ದಿರಬಹುದು. ಈಗಲೇ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ನೋಡಿಕೊಳ್ಳಿ. ಕಾಗದದ ಮೇಲೆ ಬರೆದು ರೇಷನ್ ಕಾರ್ಡ್ ಇಡುವ ಡಬ್ಬಿಯಲ್ಲಿಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡುವವರಿದ್ದಾರೆ. ಅವರಿಗೆ ಏನು ಹೇಳಲಿ.

ಹೆಸರು ಏನು, ಯಾವ ವರ್ಷನ್, ನಮ್ಮಲ್ಲಿದೆಯಾ?

ಭದ್ರತೆಯ ಸುದ್ದಿಯನ್ನು ಓದುವ ರೀತಿ ಬೇರೆ. 'ಕೋಟ್ಯಂತರ ಸಾಧನಗಳು ಅಪಾಯದಲ್ಲಿ' ಅನ್ನುವ ಶೀರ್ಷಿಕೆ ಬಿಟ್ಟುಬಿಡಿ. ಕೆಳಗೆ ಹೋಗಿ ಎರಡೇ ವಿಷಯ ಹುಡುಕಿ: ಸಾಫ್ಟ್‌ವೇರಿನ ಹೆಸರು, ವರ್ಷನ್ ನಂಬರ್. ಅವೆರಡೂ ಇಲ್ಲದ ಸುದ್ದಿ ಓದಲು ಯೋಗ್ಯವಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ 2024ರ ಮಾರ್ಚಿನದು. ಆಂಡ್ರೆಸ್ ಫ್ರಾಯ್ಂಡ್ ಅಂತ ಒಬ್ಬರು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವವರಲ್ಲಿ ಒಬ್ಬರು, ಮೈಕ್ರೋಸಾಫ್ಟ್ ಉದ್ಯೋಗಿ. ಭದ್ರತೆ ಅವರ ಕೆಲಸವಲ್ಲ. ಏನೋ ಅಳತೆ ಮಾಡುತ್ತಿದ್ದಾಗ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಬೆನ್ನು ಹತ್ತಿದರು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಸಣ್ಣ ಲೈಬ್ರರಿಯೊಳಗೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡಿನೊಳಗೆ) ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಇಟ್ಟವರು ಎರಡು ವರ್ಷಕ್ಕೂ ಜಾಸ್ತಿ ಕಾಲ ಆ ಪ್ರಾಜೆಕ್ಟಿಗೆ ಸಹಾಯ ಮಾಡುವವರಂತೆ ನಟಿಸಿ ವಿಶ್ವಾಸ ಗಳಿಸಿದ್ದರು. ಮಾರ್ಚ್ 29ರಂದು ಫ್ರಾಯ್ಂಡ್ ವಿಷಯ ಬಹಿರಂಗ ಮಾಡಿದರು.

ಅರ್ಧ ಸೆಕೆಂಡ್! ಆಷಾಢದ ಮಳೆಯಲ್ಲಿ ನಮ್ಮ ಕಡೆ ಲಾಗಿನ್ ಅರ್ಧ ನಿಮಿಷ ತಡವಾದರೂ "ಇವತ್ತು ನೆಟ್ ಪರವಾಗಿಲ್ಲ" ಅನ್ನುತ್ತೇವೆ. ಆ ಕಳ್ಳಬಾಗಿಲನ್ನು ಮೂಡಿಗೆರೆಯಿಂದ ಯಾರೂ ಕಂಡುಹಿಡಿಯುತ್ತಿರಲಿಲ್ಲ, ಇಷ್ಟಂತೂ ಖಂಡಿತ.

ಆದರೆ ಸುದ್ದಿ ಓದುವ ಪಾಠ ಇರುವುದು ಇನ್ನೊಂದು ಕಡೆ. ಆ ಕಳ್ಳಬಾಗಿಲು ಇದ್ದದ್ದು 5.6.0 ಮತ್ತು 5.6.1 ಎರಡೇ ವರ್ಷನ್‌ಗಳಲ್ಲಿ. ಹೊಸದು ಬಂದ ಕೂಡಲೇ ಹಾಕಿಕೊಳ್ಳುವ ಲಿನಕ್ಸ್ ಆವೃತ್ತಿಗಳಿಗೆ ಮಾತ್ರ ಅವು ತಲುಪಿದ್ದವು. ಸರ್ವರುಗಳಲ್ಲಿ ಓಡುವ ಹಳೆಯ, ಸ್ಥಿರ ಆವೃತ್ತಿಗಳಿಗೆ ಇನ್ನೂ ಹೋಗಿರಲಿಲ್ಲ. ಟರ್ಮಿನಲ್ಲಿನಲ್ಲಿ ಒಂದು ಸಾಲು ಟೈಪ್ ಮಾಡಿ ವರ್ಷನ್ ನೋಡಿದರೆ ನಿಮ್ಮ ಆತಂಕ ಅಲ್ಲಿಗೆ ಮುಗಿಯುತ್ತಿತ್ತು.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ಸಿಕ್ಕ ದೋಷ ಇದಕ್ಕೆ ತಿರುಗುಮುರುಗು. ಅಲ್ಲಿ ವರ್ಷನ್ ನೋಡಿದವರಿಗೆಲ್ಲ "ಹೌದು, ನಮ್ಮಲ್ಲಿದೆ" ಅನ್ನುವ ಉತ್ತರವೇ ಬಂತು. ಅಂಥ ದಿನ ಮೇಲಿನ ಮೂರನೇ ಪ್ರಶ್ನೆಗೆ ಉತ್ತರ 'ಹೌದು, ಇವತ್ತೇ'. ಊಟ ಆಮೇಲೆ.

ಮನೆಯವರ ಫೋನಿನ ಮಟ್ಟಿಗೆ ಇಷ್ಟು ವಿಚಾರ ಬೇಡ. ಭದ್ರತಾ ಅಪ್‌ಡೇಟ್ ಬಂದರೆ ಹಾಕಿಬಿಡಿ. ರಾತ್ರಿ ವೈಫೈನಲ್ಲಿ, ಚಾರ್ಜಿಗೆ ಇಟ್ಟು. ಬೆಳಿಗ್ಗೆ ಅತ್ತೆ "ಐಕಾನೆಲ್ಲ ಎಲ್ಲಿಗೆ ಹೋಯ್ತು" ಅಂತ ಕೇಳುವುದಕ್ಕೆ ಸಿದ್ಧರಾಗಿರಿ.

ದುಡ್ಡು ಕಟ್ಟಾಯಿತು, ಅಂಗಡಿಗೆ ಬರಲಿಲ್ಲ

2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಲ್ಲೆಲ್ಲ ಯುಪಿಐ ತಡವರಿಸಿತು. ಅಂಥ ದಿನ ಅಂಗಡಿಯ ಮುಂದೆ ಜನ ಮಾಡುವ ಕೆಲಸ ಅಂದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು. ದಯವಿಟ್ಟು ಬೇಡ. ಮೊದಲ ಪಾವತಿ 'ಪೆಂಡಿಂಗ್' ಅಂತಿದ್ದರೆ ಅದು ಸತ್ತಿಲ್ಲ, ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಎರಡನೆಯದೂ ಹೋಗಿ ಮೊದಲನೆಯದೂ ಹೋದರೆ ಅಂಗಡಿಯವರ ಹತ್ತಿರ ವಾಪಸ್ ಕೇಳುವ ತಾಪತ್ರಯ ನಿಮ್ಮದು.

ಜನರಿಗೆ ಇದನ್ನು ಹೇಳಿಕೊಡಿ: ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ನಿಯಮ ಇದೆ. ಒಬ್ಬರು ಇನ್ನೊಬ್ಬರಿಗೆ ಕಳಿಸಿದ ದುಡ್ಡು ಖಾತೆಯಿಂದ ಕಟ್ಟಾಗಿ ಅವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವಹಿವಾಟಿನ ನಂಬರ್ ಇರುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರನ್ನು ಆ ಆ್ಯಪಿನೊಳಗೇ ಕೊಡಿ, ಆಗದಿದ್ದರೆ ಬ್ಯಾಂಕಿಗೆ. ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಅಂತ ಹುಡುಕಿ ಸಿಕ್ಕಿದ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಯುಪಿಐ ಬಿದ್ದ ದಿನ ಆ ಕಳ್ಳರಿಗೆ ಹಬ್ಬ.

ಪರ್ಸಿನಲ್ಲಿ ಒಂದು ಐನೂರರ ನೋಟು ಇಟ್ಟುಕೊಂಡಿರಿ. ಪೇಮೆಂಟ್ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವಳೇ ಹೇಳುತ್ತಿದ್ದೇನೆ, ಕೇಳಿ.

ಒಂದು ಕೆ, ಎರಡು ಕೆ

ಸುದ್ದಿಯಾಗದ ಕಿರಿಕಿರಿಗಳೇ ಜಾಸ್ತಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಚಿಕ್ಕಮಗಳೂರು ಅದರಲ್ಲಿ ಒಂದು. ಹಳೆಯದಕ್ಕೆ ಒಂದೇ ಕೆ, ಕೊನೆಯಲ್ಲಿ ಯು ಇಲ್ಲ. ಹೊಸದಕ್ಕೆ ಎರಡು ಕೆ, ಕೊನೆಯಲ್ಲಿ ಯು. ಆನ್‌ಲೈನ್ ಫಾರಂಗಳು ಇನ್ನೂ ಒಂದು ನಿರ್ಧಾರಕ್ಕೆ ಬಂದಿಲ್ಲ. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು, ಒಂದು ಫಾರಂನಲ್ಲಂತೂ ಎರಡೂ ಬೇರೆ ಬೇರೆ ಜಿಲ್ಲೆಗಳ ಹಾಗೆ ಪಟ್ಟಿಯಲ್ಲಿದ್ದವು. ಹಾಸನದವರು ಅದೃಷ್ಟವಂತರು, ಅವರ ಸ್ಪೆಲ್ಲಿಂಗಿಗೆ ಯಾರೂ ಕೈ ಹಾಕಲಿಲ್ಲ.

ಉಪಾಯ ಇಷ್ಟು. ಪಿನ್‌ಕೋಡ್ ಮೊದಲು ತುಂಬಿ, ಜಿಲ್ಲೆ ತಾನೇ ಬಂದರೆ ಅದನ್ನು ಮುಟ್ಟಬೇಡಿ. ಬರದಿದ್ದರೆ ಆಧಾರ್‌ನಲ್ಲಿ ಇರುವ ಸ್ಪೆಲ್ಲಿಂಗನ್ನೇ ಆರಿಸಿ, ನಿಮಗೆ ಸರಿ ಅನ್ನಿಸಿದ್ದನ್ನಲ್ಲ. 'ಮನೆ ನಂಬರ್ ಕಡ್ಡಾಯ' ಅಂದರೆ ಒಂದು ಸೊನ್ನೆ ಹಾಕಿ ನೋಡಿ. ತೋಟದ ಮನೆಗೆ ಎಲ್ಲಿಯ ನಂಬರ್?

ಫಾರಂ ಬರೆಯುವ ಕಡೆ ಕೂತ ಪ್ರೋಗ್ರಾಮರುಗಳಿಗೆ ಒಂದು ಮಾತು. ಕನ್ನಡ ಹೆಸರಿನ ಉದ್ದ ಎಣಿಸುವಾಗ ಹುಷಾರು. ಕಣ್ಣಿಗೆ ಒಂದೇ ಅಕ್ಷರವಾದ 'ಶ್ರೀ' ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳಿಗೆ ನಂಬರ್ ಕೊಡುವ ಪದ್ಧತಿಯಲ್ಲಿ, ನಾಲ್ಕು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಗುತ್ತವೆ, ಕನ್ನಡ ಸೇರಿದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಆ ಎಪ್ಪತ್ತರಲ್ಲಿ ನಾಲ್ಕನ್ನು ಶ್ರೀಯೇ ತಿಂದಿರುತ್ತಾರೆ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ಬಿದ್ದುಹೋಗುತ್ತಿದ್ದವು. ಆಪಲ್ ಅದಕ್ಕೆಂದೇ ಒಂದು ಅಪ್‌ಡೇಟ್ ಬಿಡಬೇಕಾಯಿತು. ಜ್ಞಾನ ತಡೆದುಕೊಳ್ಳಲಾರದೆ ಫೋನ್ ಕುಸಿದ ಸುದ್ದಿ ಇದೊಂದೇ ಇರಬೇಕು. ಟೆಸ್ಟ್ ಮಾಡುವಾಗ 'ಎಬಿಸಿ' ಅಂತ ಹೊಡೆಯುವ ಬದಲು 'ಜ್ಞಾನೇಶ್ವರಿ' ಅಂತ ಹೊಡೆಯಿರಿ. ಎಷ್ಟೋ ಬಗ್ ಅಲ್ಲೇ ಸಿಗುತ್ತವೆ.

ಉಪಗ್ರಹದಿಂದ ಇಂಟರ್ನೆಟ್ ಬರುತ್ತಂತೆ?

ತೋಟದವರು ಜಾಸ್ತಿ ಕೇಳುವ ಪ್ರಶ್ನೆ ಈಗ ಇದು. ಉತ್ತರ ಹೇಳುವ ಮೊದಲು ನೀವು ಕೇಳಬೇಕಾದದ್ದು: ಎಷ್ಟು ಎತ್ತರದ ಉಪಗ್ರಹ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಸುಮಾರು 36,000 ಕಿಲೋಮೀಟರ್ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ನಮ್ಮ ದೇಶದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅಷ್ಟು ದೂರದ ಯಂತ್ರ ಅವರ ಮಾತು ಕೇಳುತ್ತದೆ. ನನ್ನ ಫೋನ್ ಅಡುಗೆಮನೆಗೆ ಹೋದರೆ ಟವರ್ ಮಾತು ಕೇಳುವುದಿಲ್ಲ.

ಲೆಕ್ಕ ಮಾಡಿ. ಅಷ್ಟು ಎತ್ತರಕ್ಕೆ ಹೋಗಿ ಕೆಳಗಿಳಿದರೆ 72,000 ಕಿಲೋಮೀಟರ್. ಬೆಳಕಿನ ವೇಗದಲ್ಲೂ ಸುಮಾರು ಕಾಲು ಸೆಕೆಂಡ್. ಉತ್ತರ ವಾಪಸ್ ಬರಲು ಇನ್ನೊಂದು ಕಾಲು. ಸಿನಿಮಾ ನೋಡಲು ತೊಂದರೆ ಇಲ್ಲ, ಮೀಟಿಂಗಿನಲ್ಲಿ ಮಾತ್ರ ಪ್ರತಿಯೊಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಸ್ಟಾರ್‌ಲಿಂಕ್ ಥರದ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡುತ್ತವೆ. ಹಾಗಾಗಿ ಅಲ್ಲಿ ಈ ತಡ ಬಹಳ ಕಮ್ಮಿ. ಆದರೆ ಅವಕ್ಕೆ ತೆರೆದ ಆಕಾಶ ಬೇಕು. ನೆರಳಿಗೆ ಅಂತ ಬೆಳೆಸಿದ ಮರಗಳು ಮನೆಯ ಸುತ್ತ ಇದ್ದರೆ ಡಿಶ್ ಇಡುವ ಜಾಗ ಮೊದಲು ಹುಡುಕಿ, ದರದ ವಿಚಾರಣೆ ಆಮೇಲೆ.

"ಎಐ ಬಂದು ನಿಮ್ ಕೆಲ್ಸ ಹೋಗುತ್ತಂತೆ?"

ಮದುವೆ ಮನೆಯಲ್ಲಿ ಈ ಪ್ರಶ್ನೆ ಬಂದರೆ "ನೋಡೋಣ" ಅಂದು ಹೋಳಿಗೆ ಕಡೆ ತಿರುಗಿ. ವಾದ ಬೇಡ. ನಿಮ್ಮ ಮಟ್ಟಿಗೆ ಮಾತ್ರ ಒಂದು ಅಭ್ಯಾಸ ಇರಲಿ. ಎಐ ಕೋಡ್ ಬರೆದುಕೊಟ್ಟು "ಈ ಲೈಬ್ರರಿ ಇನ್‌ಸ್ಟಾಲ್ ಮಾಡಿಕೊಳ್ಳಿ" ಅಂದಾಗ ಆ ಹೆಸರಿನ ಲೈಬ್ರರಿ ನಿಜವಾಗಿ ಇದೆಯಾ, ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಹಳೆಯದು ಅಂತ ನೋಡಿ. ಇಲ್ಲದ ಹೆಸರನ್ನು ಇದೆ ಅನ್ನುವುದು ಅದಕ್ಕೆ ಸಲೀಸು. ಆ ಇಲ್ಲದ ಹೆಸರಿನಲ್ಲೇ ಯಾರೋ ಕೆಟ್ಟ ಕೋಡ್ ತಂದಿಟ್ಟು ಕಾಯುತ್ತಿರಬಹುದು. ಇರುವ ಲೈಬ್ರರಿಗಳೇ ಕೈಕೊಡುತ್ತವೆ: 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ ಹನ್ನೊಂದು ಸಾಲಿನ ಕೋಡನ್ನು ಬರೆದವರು ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಉಗ್ರಾಣದಿಂದ) ತೆಗೆದ ಕೂಡಲೇ ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಕಟ್ಟಲಾಗದೆ ನಿಂತವು. ಅದು ಮಾಡುತ್ತಿದ್ದ ಕೆಲಸ ಪದದ ಎಡಕ್ಕೆ ಖಾಲಿ ಜಾಗ ತುಂಬುವುದು.

2038ರ ಪ್ರಳಯ

ಕೊನೆಯದು, ಆಗಾಗ ಬರುವ ಸುದ್ದಿ: 2038ರಲ್ಲಿ ಕಂಪ್ಯೂಟರುಗಳೆಲ್ಲ ನಿಲ್ಲುತ್ತವೆ. ಟಿವಿಯವರಿಗೆ ಇಷ್ಟವಾಗುವ ಸುದ್ದಿ, ಆದರೆ ಒಳಗೆ ಸತ್ಯ ಇದೆ. ಹಳೆಯ ಪದ್ಧತಿಯಲ್ಲಿ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ 32 ಬಿಟ್‌ಗಳಲ್ಲಿ ಇಡುತ್ತಾರೆ. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,147,483,647. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅಂಥ ಗಡಿಯಾರ 1901ಕ್ಕೆ ಜಿಗಿಯುತ್ತದೆ. ನಮ್ಮಲ್ಲಿ ಆಗ ರೋಬಸ್ಟಾ ಕೊಯ್ಲು. ಕೊಯ್ಲಿನ ಆಳುಗಳಿಗೆ 1901ರ ಕೂಲಿ ಕೊಡಲು ಹೊರಟರೆ ಏನಾಗುತ್ತದೆ ಅಂತ ಯೋಚಿಸಿ.

ಮಾವನವರಿಗೆ ಉತ್ತರ ಸುಲಭ: ಈಗಿನ ಫೋನು, ಲ್ಯಾಪ್‌ಟಾಪುಗಳು 64 ಬಿಟ್‌ನವು, ಚಿಂತೆ ಬೇಡ. ಪ್ರೋಗ್ರಾಮರಿಗೆ ಉತ್ತರ ಬೇರೆ, ಯಾಕೆಂದರೆ ಈ ಬಗ್ 2038ರ ತನಕ ಕಾಯುವುದಿಲ್ಲ. ಇವತ್ತು ಯಾರಾದರೂ 20 ವರ್ಷದ ಮನೆ ಸಾಲ ತೆಗೆದುಕೊಂಡರೆ ಕೊನೆಯ ಕಂತಿನ ದಿನಾಂಕ ಆ ಗೆರೆ ದಾಟಿಯೇ ಇರುತ್ತದೆ. ಮೈಸೀಕ್ವೆಲ್ ಡೇಟಾಬೇಸಿನಲ್ಲಿ ಟೈಮ್‌ಸ್ಟ್ಯಾಂಪ್ ಅನ್ನುವ ಬಗೆಯ ಕಾಲಂಗೆ ಆ ಸೆಕೆಂಡಿನಿಂದ ಆಚೆಯ ದಿನಾಂಕ ಹಿಡಿಯುವುದಿಲ್ಲ, ಡೇಟ್‌ಟೈಮ್ ಅನ್ನುವುದಕ್ಕೆ ಹಿಡಿಯುತ್ತದೆ. ನಿಮ್ಮ ಡೇಟಾಬೇಸಿನಲ್ಲಿ ಸಾಲ, ವಿಮೆ, ಪಿಂಚಣಿ, ಗುತ್ತಿಗೆ ಇಂಥ ದೂರದ ದಿನಾಂಕ ಇಡುವ ಕಾಲಂ ಯಾವ ಬಗೆಯದು ಅಂತ ಸೋಮವಾರ ಒಮ್ಮೆ ತೆಗೆದು ನೋಡಿ. ಬದಲಿಸಬೇಕಾಗಿ ಬಂದರೆ ಮಂಗಳವಾರ ಬದಲಿಸಿ. ಶುಕ್ರವಾರ ಬೇಡ.